ಹೆಸರು ಕಟ್ಟದ ವೈರು

‘ಬಹುಶಃ ಕಸುಬು ತಿಳಿಯದವರ ಕೈಕೆಲಸ’ ಎಂದು ಅಕ್ಕ ವರದಿಯಲ್ಲಿ ಬರೆದರಲ್ಲ, ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ. ಒಂಬತ್ತು ವರ್ಷವಾಯಿತು. ವರದಿ ಓದಿದವರೆಲ್ಲ ಮರೆತಿದ್ದಾರೆ, ಬರೆದ ಅಕ್ಕನೂ ಈಗಿಲ್ಲ. ಆದರೂ ಗಡ್ಡ ಕೆರೆದುಕೊಳ್ಳುವಾಗ ಆ ನಾಲ್ಕು ಮಾತು ನೆನಪಾದರೆ ಬ್ಲೇಡು ಗಲ್ಲಕ್ಕೆ ತಾಗುತ್ತದೆ. ಎಪ್ಪತ್ತೆರಡು ಮೀಟರ್ ವೈರು ಅದು. ನಡುವೆ ಒಂದೂ ಜೋಡಣೆಯಿಲ್ಲ. ನೀರಿನ ಪೈಪಿನ ಬೆನ್ನಿಗೆ ಗೇಣಿಗೊಂದು ಕಟ್ಟು. ತಿರುವು ಬಂದಲ್ಲೆಲ್ಲ ವೈರಿಗೆ ನೋವಾಗದ ಹಾಗೆ ಬಳಸಿ ತಂದದ್ದು. ಕೆಳಗೆ ನಿಂತು ಕತ್ತೆತ್ತಿದರೆ ಪೈಪು ಕಾಣಬೇಕೇ ಹೊರತು ವೈರು ಕಾಣಬಾರದು. ಹನ್ನೊಂದು ವರ್ಷ ಅದು ಯಾರ ಕಣ್ಣಿಗೂ ಬೀಳಲಿಲ್ಲ. ಅದನ್ನು ಎಳೆದವನು ನಾನು.

ಅಕ್ಕ ಎಂದರೆ ನನ್ನ ಒಡಹುಟ್ಟಿದವರಲ್ಲ. ನಾನು ಕೆಲಸ ಮಾಡುವ ಔಷಧಿ ಗೋದಾಮಿನಲ್ಲಿ ಟೆಲಿಫೋನ್ ಎಕ್ಸ್‌ಚೇಂಜ್ ನೋಡಿಕೊಳ್ಳುತ್ತಿದ್ದವರು. ಹಮಾಲರಿಂದ ಹಿಡಿದು ದೊಡ್ಡ ಸಾಹೇಬರವರೆಗೆ ಎಲ್ಲರಿಗೂ ಅವರು ಎಕ್ಸ್‌ಚೇಂಜ್ ಅಕ್ಕ. ಆರನೇ ಕ್ಲಾಸಿಗೆ ಶಾಲೆಗೆ ಕೈಮುಗಿದು, ಅವರಿವರ ಮನೆ ವೈರಿಂಗ್ ಮಾಡಿಕೊಂಡಿದ್ದ ನಾನು ಹತ್ತೊಂಬತ್ತಕ್ಕೆ ಅಲ್ಲಿ ಲೈನ್ ನೋಡುವ ಕೆಲಸಕ್ಕೆ ಸೇರಿದೆ. ಆಗ ಅವರಿಗೆ ಮೂವತ್ತೊಂದು.

ಮೆಟ್ಟಿಲ ಕೆಳಗಿನ ಇಳಿಜಾರು ಸೂರಿನ ಕೋಣೆ ಅವರದು. ಆಳೆತ್ತರದ ಮರದ ಬೋರ್ಡು, ಅದರ ತುಂಬ ತೂತು, ತೂತಿನ ಮೇಲೊಂದೊಂದು ಪುಟ್ಟ ದೀಪ. ದೀಪ ಹತ್ತಿದ ಕಡೆ ಅಕ್ಕ ಒಂದು ಹುರಿ ಸಿಕ್ಕಿಸಿ, ಇನ್ನೊಂದು ತುದಿಯನ್ನು ಬೇಕಾದವರ ತೂತಿಗೆ ಚುಚ್ಚುತ್ತಿದ್ದರು. ಕೆಲಸ ಜೋರಾದಾಗ ಅವರ ಮುಂದೆ ಹುರಿಗಳು ಅಡ್ಡಾದಿಡ್ಡಿ ಹೆಣೆದುಕೊಂಡಿರುತ್ತಿದ್ದವು. ಒಂದು ದಿನವೂ ತಪ್ಪು ಹುರಿ ಎಳೆದವರಲ್ಲ. ಆ ಕೋಣೆಯ ವಾಸನೆ ಈಗಲೂ ಮೂಗಿನಲ್ಲಿದೆ. ಕಾದ ಧೂಳು, ಹಳೆಯ ಮರ, ಅವರು ಕೈಗೆ ಹಚ್ಚಿಕೊಳ್ಳುತ್ತಿದ್ದ ಪೌಡರು.

ಸೇರಿದ ವಾರದಲ್ಲೇ ನಾನೊಂದು ಲೈನು ಎಳೆದೆ. ಚೆನ್ನಾಗಿಯೇ ಎಳೆದಿದ್ದೆ. ಮಧ್ಯಾಹ್ನ ಬಂದು ನೋಡಿದರೆ ಅಕ್ಕ ಅದನ್ನು ಬಿಚ್ಚಿ ಸುರುಳಿ ಸುತ್ತಿ ನನ್ನ ಸ್ಟೂಲಿನ ಮೇಲಿಟ್ಟಿದ್ದರು.

“ಈ ವೈರಿಗೆ ಅಪ್ಪ ಅಮ್ಮ ಇಲ್ವೇನೋ?” ಎಂದರು.

ಎಳೆದವನು ಎರಡೂ ತುದಿಗೆ ತನ್ನ ಹೆಸರು ಕಟ್ಟಬೇಕು ಎನ್ನುವುದು ಅವರ ಕಾಯಿದೆ. ಬಿಳಿ ರಟ್ಟಿನ ಚೀಟಿ, ಅದಕ್ಕೊಂದು ತೂತು, ತೂತಿಗೆ ಹಸಿರು ದಾರ. ಹೆಸರು, ತಾರೀಖು, ಎಲ್ಲಿಂದ ಎಲ್ಲಿಗೆ. ನನ್ನ ಅಕ್ಷರ ಕೋಳಿ ಕೆರೆದ ಹಾಗಿದೆ ಎಂದು ನಾನು ಮುಖ ಗಂಟು ಹಾಕಿದೆ. ಕೋಳಿ ಕೆರೆದರೂ ಯಾವ ಕೋಳಿ ಅಂತ ಗೊತ್ತಾಗಬೇಕು ಎಂದರು. ನನ್ನ ಕೈಬರಹ ಇಷ್ಟಾದರೂ ಸುಧಾರಿಸಿದ್ದರೆ ಆ ಚೀಟಿಗಳಿಂದ. ಮೂವತ್ತೈದು ವರ್ಷದಲ್ಲಿ ಸಾವಿರಾರು ಚೀಟಿ ಕಟ್ಟಿದ್ದೇನೆ. ಒಂದೇ ಒಂದು ವೈರಿಗೆ ಕಟ್ಟಿರಲಿಲ್ಲ.

ಎಕ್ಸ್‌ಚೇಂಜ್ ತೆಗೆದುಹಾಕಿದಾಗ ಅಕ್ಕನಿಗೆ ನಲವತ್ಮೂರು. ಆ ಬೋರ್ಡನ್ನು ಕಳಚಿ ಗುಜರಿಗೆ ಹೊತ್ತು ಹಾಕಿದವನೂ ನಾನೇ. ಅಕ್ಕ ಬಾಗಿಲಲ್ಲಿ ನಿಂತು ನೋಡಿದರು, ಅಳಲಿಲ್ಲ. ಹುರಿಯೊಂದನ್ನು ಕೇಳಿ ಇಸಿದುಕೊಂಡು ಚೀಲದಲ್ಲಿ ಹಾಕಿಕೊಂಡರು. ಅವರ ಜೊತೆಯವರೆಲ್ಲ ಫೈಲು ಜೋಡಿಸುವ ಕೆಲಸಕ್ಕೆ ಹೋದರು. ಇವರು ಮಾತ್ರ ಸಂಜೆ ಕಂಪ್ಯೂಟರ್ ಕ್ಲಾಸಿಗೆ ಸೇರಿ, ಮಕ್ಕಳ ವಯಸ್ಸಿನವರ ನಡುವೆ ಕನ್ನಡಕ ಏರಿಸಿಕೊಂಡು ಕೂತರು. ಐದಾರು ವರ್ಷದಲ್ಲಿ ಗೋದಾಮಿನ ಕಂಪ್ಯೂಟರ್ ವಿಭಾಗಕ್ಕೆ ಬಂದರು. ಅಲ್ಲಿಯೂ ಅವರಿಗೆ ಕಾಣುತ್ತಿದ್ದದ್ದು ಹುರಿಗಳೇ. ಯಾವ ಕಂಪ್ಯೂಟರಿನಿಂದ ಯಾವುದಕ್ಕೆ ದಾರಿ, ಆ ದಾರಿಯಲ್ಲಿ ಕಳ್ಳ ನುಗ್ಗಿದರೆ ಎಲ್ಲಿಯವರೆಗೆ ಹೋದಾನು, ಇದೇ ಯೋಚನೆ.

ಅವರ ತಾಯಿ ಬಟ್ಟೆ ಹೊಲಿಯುತ್ತಿದ್ದವರಂತೆ. ಆ ಗುಂಡಿ ಡಬ್ಬಿಯನ್ನು ಒಂದು ದಿನ ಆಫೀಸಿಗೆ ಹೊತ್ತು ತಂದರು. ಮುರಿದ ಬಾಗಿಲೊಂದನ್ನು ಎರಡು ಸ್ಟೂಲಿನ ಮೇಲೆ ಮಲಗಿಸಿ, ಮೊಳೆ ಹೊಡೆದು, ಗುಂಡಿ ಸಿಕ್ಕಿಸಿದರು. ಕೋಟಿನ ಗುಂಡಿ ಎಂದರೆ ಸರ್ವರು, ಅಂಗಿ ಗುಂಡಿ ಎಂದರೆ ಗುಮಾಸ್ತರ ಕಂಪ್ಯೂಟರು, ಹುಕ್ಕು ಎಂದರೆ ಪ್ರಿಂಟರು. ನಡುವೆ ಬಿಳಿ ದಾರ. ಕಳ್ಳನ ದಾರ ಕೆಂಪು. ಊಟದ ಬಿಡುವಿನಲ್ಲಿ ಒಬ್ಬೊಬ್ಬ ಗುಮಾಸ್ತರನ್ನು ಕೂರಿಸಿಕೊಂಡು ಆಡುತ್ತಿದ್ದರು. ಅಕ್ಕ ಕಳ್ಳ, ಎದುರಿನವರು ಕಾವಲು. ಪ್ರತಿ ಹೆಜ್ಜೆಗೂ ಮುಂಚೆ ಕೆಂಪು ದಾರ ಹಿಡಿದು “ಬರಲಾ?” ಎಂದು ಕೇಳುವರು. ಬಾಗಿಲು ತಟ್ಟಿ ಬರುವ ಕಳ್ಳಿಯನ್ನು ಇಲ್ಲೇ ನೋಡಿದ್ದು ಎಂದು ಜನ ನಗುತ್ತಿದ್ದರು. ಸಂಬಳದ ಕಳ್ಳಿ ಎಂದು ಹೆಸರೇ ಬಿತ್ತು. ಅಕ್ಕನಿಗೆ ಅದು ಇಷ್ಟವಾಗಿತ್ತು.

ಬರಬರುತ್ತ ಬಾಗಿಲಿನ ಆಟ ಕಂಪ್ಯೂಟರಿನೊಳಗೆ ಹೋಯಿತು. ಇಡೀ ಗೋದಾಮಿನ ಜಾಲದ ಒಂದು ನಕಲನ್ನು ಅಕ್ಕ ಒಂದೇ ಪೆಟ್ಟಿಗೆಯಲ್ಲಿ ಕಟ್ಟಿ, ಅದರೊಳಗೆ ಒಂದು ಹುಸಿ ಕಳ್ಳನನ್ನು ಬಿಡುತ್ತಿದ್ದರು. ನನಗೆ ಅರ್ಥವಾಗುವ ಹಾಗೆ ಅವರು ಹೇಳಿದ್ದು ಇಷ್ಟು: ನಿಜವಾದ ಗೋದಾಮಿಗೆ ಕಳ್ಳ ಒಂದು ಸಲ ಬಂದರೂ ಕಥೆ ಮುಗಿಯಿತು. ನಕಲಿನೊಳಗೆ ಸಾವಿರ ಸಲ ಬರಲಿ. ಇಲ್ಲಿ ಬೀಗ ಹಾಕಿದರೆ ಎಷ್ಟು ಹೊತ್ತು ತಡೆಯುತ್ತದೆ, ಅಲ್ಲಿ ಹಾಕಿದರೆ ಎಷ್ಟು ಹೊತ್ತು ಎಂದು ನೋಡಿ, ಆಮೇಲೆ ನಿಜವಾದ ಬೀಗ ಹಾಕೋಣ.

ಕಾಯಬೇಕಾದದ್ದು ಕೋಲ್ಡ್ ರೂಮಿನ ಕಂಪ್ಯೂಟರು. ಲಸಿಕೆ, ಇನ್ಸುಲಿನ್ ಎಲ್ಲ ಆ ತಂಪಿನಲ್ಲೇ ಇರಬೇಕು. ಯಾರಾದರೂ ಒಳಹೊಕ್ಕು ನಾಲ್ಕು ಡಿಗ್ರಿಯನ್ನು ಇಪ್ಪತ್ತಕ್ಕೆ ತಿರುಗಿಸಿದರೆ ಒಂದೇ ದಿನದಲ್ಲಿ ಊರಿನ ಅರ್ಧ ಆಸ್ಪತ್ರೆಗಳ ಔಷಧಿ ಬರೀ ನೀರು. ಆರು ಬೀಗಕ್ಕೆ ಮಂಜೂರಾಗಿತ್ತು. ಎಲ್ಲೆಲ್ಲಿ ಹಾಕಬೇಕೆಂದು ಅಕ್ಕ ಎರಡು ವರ್ಷ ಆಡಿ ಆಡಿ ಗೊತ್ತುಮಾಡಿದರು. ನಾಲ್ಕು ಗಂಟೆಯೊಳಗೆ ಯಾವ ಕಳ್ಳನೂ ಕೋಲ್ಡ್ ರೂಮ್ ಮುಟ್ಟಲಾರ ಎಂದು ಬರೆದುಕೊಟ್ಟರು. ದೊಡ್ಡ ಸಾಹೇಬರು ಅದನ್ನು ಪರೀಕ್ಷೆ ಮಾಡಿಸಲು ಹೊರಗಿನಿಂದ ಮೂವರನ್ನು ಕರೆಸುವುದೆಂದು ತೀರ್ಮಾನಿಸಿದರು. ಅವರು ನಿಜವಾಗಿಯೇ ನುಗ್ಗಿ ನೋಡಬೇಕು. ನಾಲ್ಕು ಗಂಟೆ ತಡೆದರೆ ಅಕ್ಕನಿಗೆ ನಿವೃತ್ತಿಯ ಮೇಲೆ ಇನ್ನೂ ಮೂರು ವರ್ಷ, ಉಳಿದೆರಡು ಗೋದಾಮಿನ ಕೆಲಸವೂ ಅವರದೇ. ತಡೆಯದಿದ್ದರೆ ಅವರ ಪುಟ್ಟ ವಿಭಾಗವನ್ನು ಮುಚ್ಚಿ ಎಲ್ಲ ಕೆಲಸ ಹೊರಗಿನ ಕಂಪನಿಗೆ. ಅಕ್ಕ ಮದುವೆಯಾದವರಲ್ಲ. ಆ ಕೆಲಸವೇ ಅವರ ಮನೆ ಮಕ್ಕಳು ಎಲ್ಲ.

ಪರೀಕ್ಷೆಗೆ ಒಂದು ತಿಂಗಳಿದೆ ಎನ್ನುವಾಗ ನನ್ನನ್ನು ಕರೆದರು. ಬಾಗಿಲಿನ ಬೋರ್ಡನ್ನು ಗೋಡೆಗೆ ಆನಿಸಿ ನಿಲ್ಲಿಸಿದ್ದರು. ಪಕ್ಕದಲ್ಲಿ ಹೊಸ ಎಂಜಿನಿಯರು, ಕೈಯಲ್ಲಿ ನಕ್ಷೆ.

“ಮೇಸ್ತ್ರಿ, ಇಲ್ಲಿ ಇಲ್ಲದ ವೈರು ಗೋದಾಮಲ್ಲಿ ಎಲ್ಲಾದ್ರೂ ಇದೆಯಾ?” ಎಂದು ಅಕ್ಕ ಕೇಳಿದರು.

ಇತ್ತು. ಲಾರಿ ತೂಗುವ ಕಡೆ ತೂಕದ ತಾತ ಎಂದು ಒಬ್ಬರಿದ್ದರು. ಅವರ ಮೊಣಕಾಲು ಸವೆದುಹೋಗಿತ್ತು. ತೂಕದ ಚೀಟಿ ಹಿಡಿದು ದಿನಕ್ಕೆ ನಲವತ್ತು ಸಲ ಅಂಗಳ ದಾಟಿ ಸ್ಟೋರಿಗೆ ಹೋಗಿ ಬರಬೇಕು. ಅಲ್ಲಿಗೊಂದು ವೈರು ಕೊಡಿ ಎಂದು ಮೂರು ಸಲ ಅರ್ಜಿ ಹಾಕಿದ್ದರು, ಮೂರು ಸಲವೂ ಅದು ಹಿಂದಕ್ಕೆ ಬಂತು. ಕಾಗದವಿಲ್ಲದೆ ವೈರು ಎಳೆದರೆ ಕೆಲಸ ಹೋಗುತ್ತದೆ, ನನಗಿಂತ ಮುಂಚಿನ ವೈರ್‌ಮನ್ನನದು ಹಾಗೆಯೇ ಹೋಗಿತ್ತು. ಆದರೂ ಒಂದು ರಜೆಯ ದಿನ ನಾನೇ ಹೋಗಿ, ತೂಕದ ಕಂಪ್ಯೂಟರಿನಿಂದ ಸ್ಟೋರಿನ ಕಂಪ್ಯೂಟರಿಗೆ ನೇರವಾಗಿ ಎಳೆದುಕೊಟ್ಟೆ. ತಾತ ನನ್ನ ಎರಡೂ ಕೈ ಹಿಡಿದುಕೊಂಡರು. ಹೆಸರು ಕಟ್ಟಿದರೆ ಸಿಕ್ಕಿಬೀಳುತ್ತೇನೆಂದು ಚೀಟಿ ಕಟ್ಟಲಿಲ್ಲ. ಕಂಪ್ಯೂಟರಿನಿಂದ ಕಂಪ್ಯೂಟರಿಗೆ ನೇರ ಇದ್ದದ್ದರಿಂದ ಅಕ್ಕನ ಯಂತ್ರ ಎಷ್ಟು ಜಾಲಾಡಿದರೂ ಅದು ಸಿಗಲಿಲ್ಲ. ತಾತ ನಿವೃತ್ತರಾಗಿ ನಾಲ್ಕು ವರ್ಷವಾಗಿತ್ತು, ನಾನು ವೈರು ಬಿಚ್ಚಿರಲಿಲ್ಲ. ಮರೆತಿದ್ದೆ ಎಂದರೆ ಅದು ಅರ್ಧ ಸುಳ್ಳು.

ಅವತ್ತು ಹೇಳಿಬಿಡುತ್ತಿದ್ದೆನೋ ಏನೋ. ಬಾಯಿ ತೆರೆಯುವಷ್ಟರಲ್ಲಿ ಎಂಜಿನಿಯರು, ಇವರಿಗೆ ನಕ್ಷೆ ಓದಲು ಬರುತ್ತದೆಯೇ, ಮೊದಲು ಅದನ್ನು ಕೇಳಿ ಎಂದ. ನನ್ನ ತಲೆ ಕೆಟ್ಟಿತು. ನೀನು ಹುಟ್ಟುವ ಮೊದಲು ಎಳೆದ ವೈರುಗಳಿವೆ ಇಲ್ಲಿ, ಎಲ್ಲ ಇದೆ ಬೋರ್ಡಿನಲ್ಲಿ, ಒಂದೂ ಬಿಟ್ಟಿಲ್ಲ, ಬರೆದುಕೋ ಎಂದು ಅಬ್ಬರಿಸಿ ಹೊರಟೆ. ಅಕ್ಕ ಮೆಟ್ಟಿಲವರೆಗೆ ಹಿಂದೆ ಬಂದರು.

“ಸಿಟ್ಟಲ್ಲಿ ಹೇಳಿದ್ದನ್ನ ನಾನು ಬರ್ಕೊಳ್ಳಲ್ಲ ಮೇಸ್ತ್ರಿ. ಇಳಿದ ಮೇಲೆ ಬಂದು ಹೇಳು.”

ಮೂವತ್ತು ದಿನ ಇತ್ತು. ದಿನಾ ಅವರ ಕೋಣೆಯ ಮುಂದೆಯೇ ಓಡಾಡಿದೆ. ಈಗ ಹೋಗಿ ಹೇಳಿದರೆ ಆ ಎಂಜಿನಿಯರನ ಮುಂದೆ ಮುಖ ಎಲ್ಲಿಡುವುದು ಎಂದು ಒಂದು ದಿನ. ತೂಕದ ಕಡೆಯ ಆ ಹಳೇ ಡಬ್ಬದೊಳಗೆ ಯಾವ ಕಳ್ಳ ಬರುತ್ತಾನೆ ಎಂದು ಇನ್ನೊಂದು ದಿನ. ವೈರು ಬಿಚ್ಚೋಣವೆಂದರೆ ಅಂಗಳದ ನಡುವೆ ಏಣಿ ಹಾಕಬೇಕು, ಎಲ್ಲರೂ ನೋಡುತ್ತಾರೆ. ಹೀಗೇ ತಿಂಗಳು ಕಳೆಯಿತು. ಅಕ್ಕ ಮತ್ತೆ ಕೇಳಲಿಲ್ಲ. ನಾನು ಹೋಗಲಿಲ್ಲವಾದ್ದರಿಂದ ಸಿಟ್ಟಲ್ಲಿ ಹೇಳಿದ್ದೇ ನಿಜವಿರಬೇಕು ಎಂದುಕೊಂಡರು.

ಪರೀಕ್ಷೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ಆ ಮೂವರು ಎದುರಿನ ಕಟ್ಟಡದಲ್ಲಿ ಕೂತು ಶುರುಮಾಡಿದರು. ನಾವೆಲ್ಲ ಮೇಲಿನ ಹಾಲಿನಲ್ಲಿ. ಕೋಲ್ಡ್ ರೂಮಿನ ಪರದೆಯನ್ನು ಗೋಡೆಯ ಮೇಲೆ ಕಾಣುವಂತೆ ಮಾಡಿದ್ದರು. ಅಲ್ಲಿಗೆ ಮುಟ್ಟಿದರೆ ಏನನ್ನೂ ಕೆಡಿಸದೆ ‘ಬಂದೆ’ ಎಂದು ಬರೆಯಬೇಕೆಂಬ ಒಪ್ಪಂದ. ಅಕ್ಕ ಹೊಸ ಸೀರೆ ಉಟ್ಟಿದ್ದರು. ಮೊದಲ ಗಂಟೆಯಲ್ಲೇ ಆ ಮೂವರು ಒಬ್ಬ ಗುಮಾಸ್ತರ ಕಂಪ್ಯೂಟರ್ ಹೊಕ್ಕರು. ಅಕ್ಕ ತಲೆಯಾಡಿಸಿ ಬೋರ್ಡಿನ ಮೇಲೆ ಕೆಂಪು ದಾರ ಸುತ್ತಿದರು. ಎರಡನೇ ಬೀಗದಲ್ಲಿ ಅವರು ನಿಂತರು, ಹಿಂದಕ್ಕೆ ಹೋಗಿ ಸುತ್ತಿ ಬಂದರು, ನಾಲ್ಕನೆಯದರಲ್ಲಿ ಮತ್ತೆ ನಿಂತರು. ಎಲ್ಲವೂ ಅಕ್ಕನ ನಕಲಿನಲ್ಲಿ ಆದ ಹಾಗೆಯೇ. ಎರಡು ಗಂಟೆ ಕಳೆಯುವ ಹೊತ್ತಿಗೆ ದೊಡ್ಡ ಸಾಹೇಬರು ಇನ್ನೊಂದು ಕಾಫಿ ತರಿಸಿಕೊಂಡು, ಸಂಬಳದ ಕಳ್ಳಿ ನಮ್ಮ ಸಂಬಳಕ್ಕೆ ಮೋಸ ಮಾಡಿಲ್ಲ ಎಂದು ನಕ್ಕರು. ಆಮೇಲೆ ಆ ಮೂವರು ಗೇಟಿನ ಕಡೆ ತಿರುಗಿ ತೂಕದ ಕಂಪ್ಯೂಟರಿನೊಳಗೆ ಹೋದದ್ದು ಅಕ್ಕನ ಕಂಪ್ಯೂಟರಿನಲ್ಲಿ ಕಾಣಿಸಿತು. ಬೋರ್ಡಿನಲ್ಲಿ ಅದು ಒಂದೇ ದಾರದ ಗುಂಡಿ, ಮುಂದೆ ದಾರಿಯಿಲ್ಲ. ಮೂಲೆಗೆ ಹೋದ ಇಲಿ ಎಂದ ಎಂಜಿನಿಯರು. ಅಲ್ಲಿಂದ ನನ್ನ ವೈರು ಆರೂ ಬೀಗ ತಪ್ಪಿಸಿ ಸ್ಟೋರಿಗೆ, ಕೋಲ್ಡ್ ರೂಮಿನ ಪಕ್ಕಕ್ಕೇ ಹೋಗುತ್ತದೆ ಎಂದು ಗೊತ್ತಿದ್ದವನು ನಾನೊಬ್ಬನೇ.

ಹನ್ನೆರಡಕ್ಕೆ ಇಪ್ಪತ್ತು ನಿಮಿಷ ಇರುವಾಗ ಗೋಡೆಯ ಮೇಲೆ ‘ಬಂದೆ’ ಎಂದು ಮೂಡಿತು.

ಅಕ್ಕ ಕೆಂಪು ದಾರ ಹಿಡಿದುಕೊಂಡೇ ನಿಂತಿದ್ದರು.

“ಬರಲಾ ಅಂತ ಕೇಳಲೇ ಇಲ್ಲ,” ಎಂದರು, ತಮ್ಮಷ್ಟಕ್ಕೆ.

ಎಲ್ಲಿಂದ ಬಂದರು ಎಂದು ಸಾಹೇಬರು ಕೇಳಿದರು. ತೂಕದ ಕಡೆಯಿಂದ ಎಂದು ಎದುರಿನ ಕಟ್ಟಡದಿಂದ ಉತ್ತರ ಬಂತು. ಅಲ್ಲಿಂದ ದಾರಿಯೇ ಇಲ್ಲವಲ್ಲ ಎಂದು ಎಂಜಿನಿಯರು ನಕ್ಷೆ ಬಿಡಿಸಿದ. ಅಕ್ಕ ತೂಕದ ಕಂಪ್ಯೂಟರಿನ ಆ ಬಿಳಿ ಅಂಗಿ ಗುಂಡಿಯ ಮೇಲೆ ಬೆರಳಿಟ್ಟು, ನಿಧಾನವಾಗಿ ತಿರುಗಿ ನನ್ನನ್ನು ನೋಡಿದರು. ನಾನು ಅವರ ಮುಖ ನೋಡಲಾರದೆ ಕಿಟಕಿಯ ಆಚೆ ನೋಡಿದೆ. ಅಲ್ಲಿ ಅಂಗಳದ ಮೇಲೆ ಹಾದುಹೋಗುವ ನೀರಿನ ಪೈಪಿತ್ತು. ಅಕ್ಕನೂ ಅತ್ತ ನೋಡಿದರು. ಎಂತಹ ಹೆಣಿಗೆಯಲ್ಲೂ ಒಂದು ಹುರಿ ತಪ್ಪಿಸದ ಕಣ್ಣು ಅದು. ಅವರಿಗೆ ಎಲ್ಲ ಗೊತ್ತಾಯಿತು.

ನಾನು ಬಾಯಿ ತೆರೆದೆ.

“ಮೇಸ್ತ್ರಿ, ಏಣಿ ತಗೊಂಡು ಬಾ. ಹುಡುಕೋಣ,” ಎಂದರು ಅಕ್ಕ. ದನಿ ಎಂದಿನಂತೆಯೇ ಇತ್ತು.

ಆಮೇಲೆ ಅವರು ಮಾಡಿದ್ದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ನೇರ ಪೈಪಿಗೆ ಹೋಗಲಿಲ್ಲ. ಮೊದಲು ಗೇಟಿನ ಸೂರು, ಆಮೇಲೆ ಮೀಟರ್ ಕೋಣೆ, ಆಮೇಲೆ ಸ್ಟೋರಿನ ಹಿಂದಿನ ಗೋಡೆ. ಮೂರು ಕಡೆ ನನ್ನನ್ನು ಏಣಿ ಹತ್ತಿಸಿ ಇಳಿಸಿದರು. ಇಲ್ಲಿ ಇದೆಯಾ, ಇಲ್ಲ ಅಕ್ಕ. ಅಲ್ಲಿ ನೋಡು, ಅಲ್ಲೂ ಇಲ್ಲ ಅಕ್ಕ. ಸಾಹೇಬರು, ಎಂಜಿನಿಯರು ಬಿಸಿಲಲ್ಲಿ ನಿಂತು ನೋಡುತ್ತಿದ್ದರು. ಒಂದು ಗಂಟೆ ಹೀಗೆ ನಾಟಕವಾಡಿಸಿ, ಕೊನೆಗೆ ಬೇಸತ್ತವರ ಹಾಗೆ ಪೈಪು ತೋರಿಸಿ ಅದನ್ನೂ ನೋಡಿಬಿಡು ಎಂದರು. ನಾನು ಹತ್ತಿದೆ. ನನ್ನದೇ ಕಟ್ಟುಗಳು. ಹನ್ನೊಂದು ವರ್ಷದ ಬಿಸಿಲು ಮಳೆಗೆ ಒಂದೂ ಸಡಿಲವಾಗಿರಲಿಲ್ಲ.

ತುದಿ ಹುಡುಕಿದರು. ಚೀಟಿಯಿಲ್ಲ. ಎಂಜಿನಿಯರು ವೈರನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, ಇಷ್ಟು ಅಚ್ಚುಕಟ್ಟಾಗಿ ಇಲ್ಲಿ ಮೇಸ್ತ್ರಿಯೊಬ್ಬರೇ ಎಳೆಯುವುದು ಎಂದ.

“ಅಚ್ಚುಕಟ್ಟಾ? ಇದಾ?” ಎಂದರು ಅಕ್ಕ. “ತುದಿ ನೋಡಿ. ಕಸುಬು ಗೊತ್ತಿಲ್ಲದವನ ಕೆಲಸ.”

“ತುದಿಗೇನಾಗಿದೆ?” ಎಂದೆ ನಾನು. ಬಾಯಿಂದ ಬಂದೇಬಿಟ್ಟಿತು.

ಅಕ್ಕ ನನ್ನನ್ನು ದುರುಗುಟ್ಟಿ ನೋಡಿದರು. ಸಾಹೇಬರ ಕಡೆ ತಿರುಗಿ, ಎಳೆದವರು ಯಾರೋ ಹೊರಗಿನವರು, ನಕ್ಷೆ ನನ್ನದು, ನಕಲಿನಲ್ಲಿ ಒಂದು ದಾರ ಬಿಟ್ಟದ್ದೂ ನಾನೇ ಎಂದರು. ಅದನ್ನೇ ಸಂಜೆಯೊಳಗೆ ವರದಿಯಲ್ಲಿ ಬರೆದುಕೊಟ್ಟರು. ಸಹಿ ಅವರೊಬ್ಬರದೇ.

ತಿಂಗಳಲ್ಲಿ ವಿಭಾಗ ಮುಚ್ಚಿತು. ಮೂರು ವರ್ಷದ ಮಾತು ಅಲ್ಲಿಗೆ ನಿಂತಿತು. ಐವತ್ತೆಂಟು ತುಂಬಿದ ದಿನ ಅಕ್ಕ ಗುಂಡಿಗಳನ್ನೆಲ್ಲ ಬಿಚ್ಚಿ ಡಬ್ಬಿಗೆ ಹಾಕಿಕೊಂಡು, ಮೆಟ್ಟಿಲ ಕೆಳಗೆ ನಾನಿರುವಲ್ಲಿಗೆ ಬಂದರು. ಈಗ ಆ ಕೋಣೆಯಲ್ಲಿ ನನ್ನ ಸಾಮಾನು. ಚೀಲದಿಂದ ಎರಡು ಖಾಲಿ ಚೀಟಿ ತೆಗೆದರು. ಹಸಿರು ದಾರ ಹಾಕಿಯೇ ತಂದಿದ್ದರು.

“ಎರಡು ಚೀಟಿ ನನಗೆ ಬಾಕಿ ಇದೆ ಮೇಸ್ತ್ರಿ. ನಿನ್ನ ಕೈಯಲ್ಲೇ ಬರೆದು ತಂದುಕೊಡು. ನಾನು ಯಾರಿಗೂ ತೋರಿಸಲ್ಲ.”

ಆರು ತಿಂಗಳ ಮೇಲೆ ಹೋದೆ. ಸೈಕಲ್ ಅಂಗಡಿಯ ಮೇಲೆ ಎರಡು ಕೋಣೆಯ ಮನೆ. ಊಟದ ಮೇಜಿನ ಮೇಲೆ ಗುಂಡಿಗಳು, ಕೆಂಪು ದಾರ. ಒಬ್ಬರೇ ಆಡುತ್ತಿದ್ದರು. ಕಳ್ಳನೂ ಅವರೇ, ಕಾವಲೂ ಅವರೇ. ನನ್ನನ್ನು ನೋಡಿ ಮುಖ ಅರಳಿತು, ಟೀ ಮಾಡಿದರು. ಹಳೇ ಬೋರ್ಡಿನ ಹುರಿಯನ್ನು ಗೋಡೆಗೆ ತೂಗುಹಾಕಿದ್ದರು, ಅದರ ಮಾತು ಬಂತು, ತೂಕದ ತಾತನ ಮಾತು ಬಂತು. ಚೀಟಿಗಳು ನನ್ನ ಜೇಬಿನಲ್ಲಿದ್ದವು, ಪೆನ್ನೂ ಇತ್ತು. ತಪ್ಪಾಯಿತು ಅಕ್ಕ ಎಂದು ಹೇಳಿ ಅಲ್ಲೇ ಬರೆದುಕೊಡಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಬಾಯಿ ತೆರೆದರೆ ಬಂದದ್ದು ಬೇರೆ.

“ಕಸುಬು ತಿಳಿಯದವರು ಅಂತ ಯಾಕೆ ಬರೆದ್ರಿ?”

ಅಕ್ಕ ನಕ್ಕರು. “ನಿನ್ನ ಕೆಲಸ ಉಳೀತಲ್ಲೋ.”

“ಬೇರೆ ಮಾತೇ ಸಿಗಲಿಲ್ವಾ ನಿಮಗೆ?”

“ಬೇರೆ ಏನು ಬರೆದಿದ್ರೂ ನಿನ್ನ ಮನೆ ಬಾಗಿಲಿಗೇ ಬರ್ತಿದ್ರು. ಅಷ್ಟು ಚೆನ್ನಾಗಿತ್ತು ಅದು.”

ಇದನ್ನು ಅವತ್ತು ಅಂಗಳದಲ್ಲಿ ಎಲ್ಲರೆದುರು ಹೇಳಬೇಕಿತ್ತು ಎಂದು ಎದ್ದುಬಿಟ್ಟೆ. ಹೇಳಿದ್ದರೆ ನನ್ನ ಗತಿ ಏನಾಗುತ್ತಿತ್ತು ಎಂದು ನನಗೆ ಗೊತ್ತಿಲ್ಲವೇ. ಗೊತ್ತು. ಆದರೂ ಎದ್ದೆ. ಟೀ ಅರ್ಧ ಹಾಗೇ ಉಳಿಯಿತು. ಅಕ್ಕ ತಡೆಯಲಿಲ್ಲ, ಸಿಟ್ಟಿಳಿದ ಮೇಲೆ ಬಾ ಎಂದರು. ಕೆಳಗಿಳಿದು ಸೈಕಲ್ ಅಂಗಡಿಯ ಮುಂದೆ ನಿಂತಾಗ ಜೇಬಿನಲ್ಲಿ ಚೀಟಿ ಕೈಗೆ ತಾಗಿದವು. ಮುಂದಿನ ವಾರ ಬರೋಣ ಎಂದುಕೊಂಡೆ. ವಾರ ಹೋಗಿ ತಿಂಗಳಾಯಿತು, ತಿಂಗಳು ಹೋಗಿ ವರ್ಷವಾಯಿತು. ಕೊನೆಗೆ ಹೋದಾಗ ಆ ಮನೆಯಲ್ಲಿ ಬೇರೆ ಯಾರೋ ಬಟ್ಟೆ ಒಣಹಾಕುತ್ತಿದ್ದರು. ಅಕ್ಕನಿಗೆ ಹುಷಾರಿಲ್ಲವೆಂದು ಅವರ ತಮ್ಮನ ಮಗಳು ಬಂದು ಕರೆದುಕೊಂಡು ಹೋಗಿದ್ದಳಂತೆ. ವಿಳಾಸ ಸಿಗುವ ಹೊತ್ತಿಗೆ ಅಕ್ಕ ತೀರಿಹೋಗಿ ಎರಡು ವಾರವಾಗಿತ್ತು.

ಹೊರಗಿನ ಕಂಪನಿಯವರು ಬಂದು ತೂಕದ ಕಡೆ ಏಳನೆಯ ಬೀಗ ಹಾಕಿದರು. ಮಿಕ್ಕ ಆರನ್ನೂ ಅಕ್ಕ ಗುರುತು ಹಾಕಿದಲ್ಲೇ ಬಿಟ್ಟರು, ಅದಕ್ಕಿಂತ ಒಳ್ಳೆಯ ಜಾಗ ಅವರಿಗೂ ಸಿಗಲಿಲ್ಲವಂತೆ. ಒಂಬತ್ತು ವರ್ಷದಲ್ಲಿ ಕೋಲ್ಡ್ ರೂಮಿನ ನಾಲ್ಕು ಡಿಗ್ರಿ ನಾಲ್ಕೇ ಇದೆ. ಏನೂ ಆಗದೇ ಇದ್ದದ್ದಕ್ಕೆ ಯಾರೂ ಯಾರ ಕೈಯನ್ನೂ ಕುಲುಕುವುದಿಲ್ಲ ಎಂದು ಅಕ್ಕ ಹೇಳುತ್ತಿದ್ದರು. ಹೌದು, ಯಾರೂ ಕುಲುಕಲಿಲ್ಲ.

ಈಗಲಾದರೂ ಬರೆದಿಡಬಾರದೇ ಎಂದು ನನ್ನಾಕೆ ಹೇಳುತ್ತಾಳೆ. ಬರೆದು ಯಾರ ಕೈಗೆ ಕೊಡಲಿ ಎಂದು ಅವಳ ಮೇಲೂ ರೇಗುತ್ತೇನೆ. ಚೀಟಿಗಳು ನನ್ನ ಸಾಮಾನಿನ ಪೆಟ್ಟಿಗೆಯಲ್ಲಿವೆ, ಕಟಿಂಗ್ ಪ್ಲೇಯರಿನ ಕೆಳಗೆ. ಒಂದಕ್ಕೆ ಎಣ್ಣೆಯ ಕಲೆಯಾಗಿದೆ. ಎರಡರ ಮೇಲೂ ಏನೂ ಬರೆದಿಲ್ಲ.